ಪಿಕ್: ಇಂಗ್ಲಿಷಿಗೆ ಒಂದು ಪದ, ನಮಗೆ ಹತ್ತು

ಈ ತಿಂಗಳು ಅಂಚೆಯಲ್ಲಿ ಬಂದದ್ದು 17 ಪತ್ರ. ಅದರಲ್ಲಿ 6 ಪತ್ರ ಒಂದೇ ಇಂಗ್ಲಿಷ್ ಕ್ರಿಯಾಪದದ ಬಗ್ಗೆ. ಅದು ‘ಪಿಕ್’. ಜನವರಿಯ ಕೊಡಗಿನಲ್ಲಿ ಇದು ಸಹಜವೇ. ನಮ್ಮ ಸೋಮವಾರಪೇಟೆ ಕಡೆ ಅರೇಬಿಕಾ ಕಾಫಿಯ ಕುಯ್ಲು ಮುಗಿಯುತ್ತಾ ಬಂದಿದೆ. ಸಿದ್ದಾಪುರ, ಪೊನ್ನಂಪೇಟೆ ಕಡೆ ರೋಬಸ್ಟಾ ಶುರುವಾಗಿದೆ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಎಲ್ಲಿ ಹೋದರೂ ‘ನಿಮ್ಮದು ಪಿಕ್ಕಿಂಗ್ ಎಲ್ಲಿಗೆ ಬಂತು?’ ಅನ್ನುವುದೇ ಮೊದಲ ಮಾತು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈ ಸಲ ಈ ಒಂದು ಪದವನ್ನೇ ಹಿಡಿದು ಕೂತಿದ್ದೇನೆ. 31 ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವಳು ನಾನು. ನನಗೆ ತುಂಬಾ ಇಷ್ಟವಾದ ನಾಲ್ಕೈದು ಪದಗಳಲ್ಲಿ ಇದೂ ಒಂದು. ಕೊನೆಯ ಪತ್ರವನ್ನು ಮಾತ್ರ ದಯವಿಟ್ಟು ಎಲ್ಲರೂ ಓದಿ, ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಟ್ಟವರು ತಪ್ಪದೆ ಓದಿ.

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ತೋಟ. ಕಾಫಿಗೆ ಪಿಕ್ಕಿಂಗ್ ಅಂತೀವಿ. ಟೀ ಸೊಪ್ಪಿಗೆ ಪ್ಲಕ್ಕಿಂಗ್ ಅಂತಾರೆ. ಭತ್ತಕ್ಕೆ ಹಾರ್ವೆಸ್ಟಿಂಗ್. ಕನ್ನಡದಲ್ಲಿ ಎಲ್ಲದಕ್ಕೂ ಕುಯ್ಲು ಅಂದರೆ ಮುಗಿಯಿತು ಅಲ್ವಾ? ಇಂಗ್ಲಿಷಿನವರು ಯಾಕೆ ಇಷ್ಟು ಬೇರೆ ಬೇರೆ ಮಾಡಿಕೊಂಡರು?

ಉತ್ತರ: ಪದಕ್ಕೆ ಅರ್ಥ ಹುಡುಕುವ ಮೊದಲು ಕೈಯನ್ನು ನೋಡಿ. ಭತ್ತ ಕುಯ್ಯುವವರ ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಒಂದು ಹಿಡಿ ತೆನೆ. ಅಲ್ಲಿ ಒಂದೊಂದೇ ತೆನೆ ನೋಡುವುದಿಲ್ಲ, ಗದ್ದೆ ಪೂರ್ತಿ ಮಲಗಿಸುತ್ತಾ ಹೋಗುವುದು. ಅದಕ್ಕೆ ‘ರೀಪ್’ ಅನ್ನುವ ಹಳೆಯ ಪದ ಇದೆ. ‘ಹಾರ್ವೆಸ್ಟ್’ ಅಂದರೆ ಇಡೀ ಸುಗ್ಗಿ: ಕುಯ್ಯುವುದು, ಹೊರುವುದು, ಮನೆ ತುಂಬುವುದು ಎಲ್ಲ ಸೇರಿ. ಕಾಫಿಯ ಕುಯ್ಲಿಗೂ ಹಾರ್ವೆಸ್ಟ್ ಅನ್ನಬಹುದು, ತಪ್ಪೇನಿಲ್ಲ. ಟೀ ಗಿಡದಲ್ಲಿ ಎರಡು ಎಲೆ ಒಂದು ಮೊಗ್ಗನ್ನು ಚಕ್ಕನೆ ಚಿವುಟಿ ಎಳೆಯುತ್ತಾರೆ. ಆ ಸಣ್ಣ ಎಳೆತವೇ ‘ಪ್ಲಕ್’. ಕೋಳಿ ಪುಕ್ಕ ಕೀಳುವುದಕ್ಕೂ, ಹುಬ್ಬಿನ ಕೂದಲು ಕೀಳುವುದಕ್ಕೂ, ವೀಣೆಯ ತಂತಿ ಮೀಟುವುದಕ್ಕೂ ಅದೇ ಪದ.

ಪಿಕ್ ಹಾಗಲ್ಲ. ಅದರಲ್ಲಿ ಕೈಯ ಜೊತೆ ಕಣ್ಣೂ ಇದೆ. ಅರೇಬಿಕಾದ ಒಂದು ಗೆಣ್ಣು ತೆಗೆದುಕೊಳ್ಳಿ. ಅದರಲ್ಲಿ ಒಂದು ಗೊಂಚಲು. ಕೆಂಪಗಾದದ್ದು ಐದು, ಹಳದಿ ತಿರುಗಿದ್ದು ಎರಡು, ಹಸಿರು ನಾಲ್ಕು. ಕುಯ್ಯುವವಳ ಹೆಬ್ಬೆರಳು ಮತ್ತು ತೋರುಬೆರಳು ಕೆಂಪಗಿನದರ ಮೇಲೆ ಮಾತ್ರ ಕೂರುತ್ತವೆ. ಒಂದು ಸಣ್ಣ ತಿರುವು, ಹಣ್ಣು ಅಂಗೈಗೆ. ಹಸಿರು ಕಾಯಿ ಅಲ್ಲಾಡುವುದೂ ಇಲ್ಲ. ಸಿಟ್ಟಿನಿಂದ ಎಳೆದರೆ ಗೆಣ್ಣಿಗೆ ಪೆಟ್ಟಾಗುತ್ತದೆ. ಈ ನೋಡುವುದು, ಬಿಡುವುದು, ತೆಗೆಯುವುದು, ಮೂರೂ ಸೇರಿ ಪಿಕ್.

ಈ ಪದದ ಬೇರು ಹಕ್ಕಿಯ ಕೊಕ್ಕಿನಲ್ಲಿದೆ. ಏಳೆಂಟುನೂರು ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದಕ್ಕೆ ಚೂಪಾದ ತುದಿಯಿಂದ ಕುಕ್ಕುವುದು, ಚುಚ್ಚುವುದು ಎಂಬ ಅರ್ಥ ಇತ್ತು. ಹಕ್ಕಿ ಕುಕ್ಕುವುದಕ್ಕೆ ಇಂದಿಗೂ ಹೇಳುವ ‘ಪೆಕ್’ ಇದರ ಒಡಹುಟ್ಟಿದ್ದು. ಕುಕ್ಕುವುದರಿಂದ ಹೆಕ್ಕುವುದು ಬಂತು. ಹೆಕ್ಕುವುದರಿಂದ ಆರಿಸುವುದು ಬಂತು. ಕೋಳಿ ಅಂಗಳದಲ್ಲಿ ಕಾಳು ತಿನ್ನುವುದನ್ನು ನೋಡಿದ್ದೀರಲ್ಲ? ಕಲ್ಲು ಬಿಟ್ಟು ಕಾಳಿಗೇ ಕುಕ್ಕುತ್ತದೆ. ಮೂರು ಅರ್ಥವೂ ಆ ಒಂದು ಕುಕ್ಕಿನಲ್ಲಿ ಇದೆ. ನಮ್ಮ ಮನೆಯ ಮೂಲೆಯಲ್ಲಿ ಗುದ್ದಲಿ ಜೊತೆ ಒರಗಿ ನಿಂತ ಪಿಕಾಸಿಯೂ ಇದೇ ವಂಶದ್ದೇ. ಇಂಗ್ಲಿಷಿನ ಪಿಕ್ಯಾಕ್ಸ್ ನಮ್ಮ ಬಾಯಲ್ಲಿ ಪಿಕಾಸಿ ಆಯಿತು. ವಿಶೇಷ ಅಂದರೆ ಅದರಲ್ಲಿ ಮೊದಲು ಕೊಡಲಿಯ ‘ಆ್ಯಕ್ಸ್’ ಇರಲೇ ಇಲ್ಲ. ಹಳೆಯ ಫ್ರೆಂಚಿನ ‘ಪಿಕ್ವಾ’ ತರಹದ ಪದವೊಂದನ್ನು ಇಂಗ್ಲಿಷಿನವರು ಕಿವಿಗೆ ಬಿದ್ದ ಹಾಗೆ ಬದಲಾಯಿಸಿಕೊಂಡು ಬಾಲಕ್ಕೆ ಕೊಡಲಿ ಸೇರಿಸಿದರು. ಪರಭಾಷೆಯ ಪದವನ್ನು ತನ್ನ ಬಾಯಿಗೆ ತಕ್ಕ ಹಾಗೆ ತಿದ್ದಿಕೊಳ್ಳುವುದು ನಾವು ಮಾತ್ರ ಮಾಡುವ ಕೆಲಸ ಅಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಮಾತ್ರ ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಎಲ್ಲದಕ್ಕೂ ಕುಯ್ಲು ಅಂದರೆ ಮುಗಿಯಿತು ಅಂದಿರಿ. ಮುಗಿಯುವುದಿಲ್ಲ. ನಿಮ್ಮ ತೋಟದಲ್ಲೇ ನಿಂತು ನೋಡಿ. ಕಾಫಿ ಕುಯ್ಯುತ್ತೀರಿ. ನೆಲಕ್ಕೆ ಉದುರಿದ ಹಣ್ಣು ಹೆಕ್ಕುತ್ತೀರಿ. ಕಿತ್ತಳೆ ಕೀಳುತ್ತೀರಿ. ಮಲ್ಲಿಗೆ ಬಿಡಿಸುತ್ತೀರಿ. ಹೀರೆಕಾಯಿ ಕೊಯ್ಯುತ್ತೀರಿ. ಕುಡಿ ಚಿವುಟುತ್ತೀರಿ. ಅಕ್ಕಿಯಲ್ಲಿ ಕಲ್ಲು ಆರಿಸುತ್ತೀರಿ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮಳೆಯಲ್ಲಿ ನೆನೆದುಕೊಂಡು ಬೇಲಿ ಬದಿಯಿಂದ ಮದ್ದುಸೊಪ್ಪು ತರುತ್ತೀರಲ್ಲ, ಅದನ್ನು ಮುರಿಯುತ್ತೀರಿ ಅಥವಾ ಕೊಯ್ಯುತ್ತೀರಿ. ಕಾಲಿಗೆ ಹತ್ತಿದ ಮುಳ್ಳು ತೆಗೆಯುತ್ತೀರಿ. ಹುಣ್ಣಿನ ಹೊಪ್ಪಳೆ ಕೆರೆಯಬೇಡ ಅಂತ ಮಗುವಿಗೆ ಗದರುತ್ತೀರಿ. ಇವುಗಳಲ್ಲಿ ಬಹುಪಾಲಿಗೆ ಇಂಗ್ಲಿಷಿನವರು ಪಿಕ್ ಅಂದು ಮುಂದೆ ಹೋಗುತ್ತಾರೆ. ಅವರಿಗೆ ಒಂದು ಪದ ಇರುವ ಕಡೆ ನಮಗೆ ಹತ್ತು ಇವೆ.

ಹೀಗಿರುವಾಗ ನಮ್ಮ ಮಕ್ಕಳು ‘ಹೂ ಪಿಕ್ ಮಾಡು, ಕಲ್ಲು ಪಿಕ್ ಮಾಡು, ಬಟ್ಟೆ ಪಿಕ್ ಮಾಡು’ ಅನ್ನುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಇಂಗ್ಲಿಷ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಅದಕ್ಕೇ ನಾನು ಆಯಸ್ಸು ಸವೆಸಿದ್ದು. ಆದರೆ ಹತ್ತು ಪದ ಕೊಟ್ಟು ಒಂದು ಪದ ತೆಗೆದುಕೊಳ್ಳುವುದು ಯಾವ ವ್ಯಾಪಾರ?

ಇನ್ನೊಂದು ವಿಷಯ. ಆರಿಸುವುದು ಅನ್ನುವ ನಮ್ಮ ಪದವೂ ಪಿಕ್ ನಡೆದ ದಾರಿಯಲ್ಲೇ ನಡೆದಿದೆ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುವುದೂ ಆರಿಸುವುದೇ. ಚುನಾವಣೆಯಲ್ಲಿ ಶಾಸಕರನ್ನು ಆರಿಸುವುದೂ ಆರಿಸುವುದೇ. ‘ಆಯು’ ಕೂಡ ಹಾಗೇ. ಚಿಂದಿ ಆಯುವವರ ಕೈಯಲ್ಲಿ ಇರುವ ಪದವೇ ‘ಆಯ್ಕೆ’ ಆಗಿ ಆಯ್ಕೆ ಸಮಿತಿಯ ಬಾಗಿಲಿಗೂ ಹೋಗಿ ಕೂತಿದೆ. 12ನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಿಮಗೆ ಗೊತ್ತು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ ಲಕ್ಕಮ್ಮ ವಾಪಸ್ ಕೊಟ್ಟು ಬರಲು ಹೇಳಿದಳು ಅನ್ನುತ್ತದೆ ಕತೆ. ಎಷ್ಟು ಆಯಬೇಕು, ಎಷ್ಟು ಬಿಡಬೇಕು ಅನ್ನುವ ತಿಳಿವಳಿಕೆ ಆ ಹೆಸರಿನ ಒಳಗೇ ಇದೆ.

ತೋಟದ ಇಂಗ್ಲಿಷಿಗೆ ಬರೋಣ. ದೊರೆಗಳ ಕಾಲದಿಂದ ಬಂದ ನಾಲ್ಕು ಪದ ನಿಮಗೆ ಬಳಕೆಯಲ್ಲಿವೆ. ಅಲ್ಲೊಂದು ಇಲ್ಲೊಂದು ಮೊದಲು ಹಣ್ಣಾದದ್ದನ್ನು ಮಾತ್ರ ತೆಗೆಯುವುದು ‘ಫ್ಲೈ ಪಿಕ್ಕಿಂಗ್’. ತೋಟ ಪೂರ್ತಿ ಕೆಂಪಾದಾಗ ‘ಮೇನ್ ಪಿಕ್ಕಿಂಗ್’. ಕೊನೆಗೆ ಹಸಿರು, ಒಣಗಿದ್ದು, ಹಣ್ಣು ಅಂತ ನೋಡದೆ ಗಿಡ ಬರಿದು ಮಾಡುವುದು ‘ಸ್ಟ್ರಿಪ್ಪಿಂಗ್’. ಗಮನಿಸಿ, ಆರಿಸುವ ಕೆಲಸ ನಿಂತ ಕೂಡಲೇ ಪಿಕ್ ಅನ್ನುವ ಪದವೂ ಬಿಟ್ಟುಹೋಯಿತು. ನೆಲಕ್ಕೆ ಬಿದ್ದದ್ದನ್ನು ಹೆಕ್ಕುವುದು ‘ಗ್ಲೀನಿಂಗ್’. ಇದಕ್ಕೆ ಕನ್ನಡದಲ್ಲಿ ಒಂದು ಅಪರೂಪದ ಪದ ಇದೆ: ಹಕ್ಕಲು. ಗದ್ದೆ ಕುಯ್ದ ಮೇಲೆ ಉಳಿದ ತೆನೆಗೆ ಹಕ್ಕಲು ಅನ್ನುತ್ತಿದ್ದರು, ಅದನ್ನು ಬಡವರು ಆಯ್ದುಕೊಳ್ಳುತ್ತಿದ್ದರು. ಕಾಫಿಯಲ್ಲಿ ಮಾತ್ರ ಹಕ್ಕಲು ಬಿಡುವ ಹಾಗಿಲ್ಲ. ಕಾಯಿಕೊರಕ ಹುಳು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ಕಡೆಗೂ ಬಂತಲ್ಲ, ಅದು ನೆಲದ ಕಾಯಿಯಲ್ಲೇ ಉಳಿದುಕೊಂಡು ಮುಂದಿನ ಫಸಲಿಗೆ ಹಾರುತ್ತದೆ. ಹಾಗಾಗಿ ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ಕುಯ್ಯಿರಿ, ಬಿದ್ದದ್ದನ್ನು ಒಂದೂ ಬಿಡದೆ ಹೆಕ್ಕಿ. ಇದು ಇಂಗ್ಲಿಷ್ ಪಾಠ ಅಲ್ಲ, ಎರಡು ಎಕರೆ ಇಟ್ಟುಕೊಂಡವಳ ಅನುಭವ.

ಪ್ರಶ್ನೆ: ಭಾಗಮಂಡಲದ ಕಡೆ ನಮ್ಮದು ಹೋಂಸ್ಟೇ ಇದೆ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದು, ಮೆಸೇಜ್ ನೋಡಿಕೊಳ್ಳುವುದು ನಾನೇ. ಹೊರದೇಶದ ಅತಿಥಿಯೊಬ್ಬರಿಗೆ ‘ಅವರ್ ಡ್ರೈವರ್ ವಿಲ್ ಪಿಕ್ ಯು’ ಅಂತ ಬರೆದೆ. ‘ಪಿಕ್ ಮಿ ಫಾರ್ ವಾಟ್?’ ಅಂತ ಉತ್ತರ ಬಂತು. ತುಂಬಾ ನಾಚಿಕೆಯಾಯಿತು ಮೇಡಂ. ಎಲ್ಲಿ ತಪ್ಪಿತು?

ಉತ್ತರ: ನಾಚಿಕೆ ಯಾಕಮ್ಮ? ಅಪ್ಪ ಅಮ್ಮನ ವ್ಯವಹಾರ ನಡೆಸುತ್ತಿರುವ ಹುಡುಗಿ ನೀನು. ತಪ್ಪಿದ್ದು ಒಂದೇ ಒಂದು ಚಿಕ್ಕ ಪದ: ‘ಅಪ್’.

‘ಪಿಕ್ ಯು’ ಅಂದರೆ ನಿಮ್ಮನ್ನು ಆರಿಸಿಕೊಳ್ಳುತ್ತಾರೆ. ಹತ್ತು ಜನ ಸಾಲಾಗಿ ನಿಂತಿದ್ದಾರೆ, ಡ್ರೈವರ್ ಬಂದು ನಿಮ್ಮ ಕಡೆ ಬೆರಳು ತೋರಿಸುತ್ತಾನೆ, ಹಾಗೆ. ‘ಪಿಕ್ ಯು ಅಪ್’ ಅಂದರೆ ಬಂದು ಹತ್ತಿಸಿಕೊಂಡು ಹೋಗುತ್ತಾರೆ. ‘ಅಪ್’ ಅಂದರೆ ಮೇಲೆ. ನೆಲದ ಮೇಲೆ ಇರುವುದನ್ನು ಎತ್ತುವುದು ಇದರ ಮೂಲ ಅರ್ಥ. ಅಂಗಳದಲ್ಲಿ ಕೂತ ಮಗು ಎರಡೂ ಕೈ ಚಾಚುತ್ತದಲ್ಲ, ಎತ್ಕೋ ಅಂತ? ಇಂಗ್ಲಿಷಿನ ಮಗು ಆಗ ಹೇಳುವುದು ‘ಪಿಕ್ ಮಿ ಅಪ್’. ನಮ್ಮ ದೊಡ್ಡವರು ಕಾರಿಗಾಗಿ ರಸ್ತೆ ಬದಿಯಲ್ಲಿ ಕಾಯುವಾಗ ಹೇಳುವುದೂ ಅದೇ ವಾಕ್ಯ.

ಈ ‘ಅಪ್’ ಎಲ್ಲಿ ಬರಬೇಕು ಅನ್ನುವುದಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಹೆಸರು ಹೇಳುವುದಾದರೆ ಎರಡು ಕಡೆಯೂ ನಡೆಯುತ್ತದೆ. ‘ಪಿಕ್ ಅಪ್ ದ ಬ್ಯಾಗ್’ ಸರಿ, ‘ಪಿಕ್ ದ ಬ್ಯಾಗ್ ಅಪ್’ ಕೂಡ ಸರಿ. ಆದರೆ ನಾನು, ನೀನು, ಅವನು, ಅದು ಅನ್ನುವ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು. ‘ಪಿಕ್ ಇಟ್ ಅಪ್’, ‘ಪಿಕ್ ಹಿಮ್ ಅಪ್’. ‘ಪಿಕ್ ಅಪ್ ಹಿಮ್’ ಅಂತ ಯಾವತ್ತೂ ಬರೆಯಬೇಡ. ಕನ್ನಡದ ಮಕ್ಕಳು ಅತಿ ಹೆಚ್ಚು ತಪ್ಪುವುದು ಇಲ್ಲೇ. ಇದನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ!

ನಿನ್ನ ಮೆಸೇಜನ್ನು ಹೀಗೆ ಬರೆಯಬಹುದು: ‘ಅವರ್ ಡ್ರೈವರ್ ವಿಲ್ ಪಿಕ್ ಯು ಅಪ್ ಅಟ್ ದ ಮಡಿಕೇರಿ ಬಸ್ ಸ್ಟ್ಯಾಂಡ್ ಅಟ್ ಟೆನ್.’ ವಾಪಸ್ ಬಿಡುವಾಗ ‘ಡ್ರಾಪ್ ಯು ಆಫ್’. ಅಲ್ಲಿ ‘ಆಫ್’ ಮರೆತರೆ ಕೈಯಿಂದ ಕೆಳಕ್ಕೆ ಬೀಳಿಸಿದ ಹಾಗೆ ಕೇಳಿಸಬಹುದು.

ಫೋನಿಗೂ ಇದೇ ‘ಅಪ್’ ಬೇಕು. ‘ಕಾಲ್ ಪಿಕ್ ಮಾಡಲಿಲ್ಲ’ ಅಂತ ಕನ್ನಡದಲ್ಲಿ ನಾವು ಹೇಳಿಕೊಳ್ಳುವುದು ಸರಿ, ಅದು ಈಗ ನಮ್ಮ ಮಾತೇ ಆಗಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ‘ಹಿ ಡಿಡ್ನಾಟ್ ಪಿಕ್ ಅಪ್’ ಅಥವಾ ‘ಹಿ ಡಿಡ್ನಾಟ್ ಆನ್ಸರ್’. ಹಳೆಯ ಫೋನಿನಲ್ಲಿ ರಿಸೀವರನ್ನು ನಿಜವಾಗಿಯೂ ಕೈಯಲ್ಲಿ ಎತ್ತಬೇಕಿತ್ತು. ಈಗ ಪರದೆಯ ಮೇಲೆ ಬೆರಳು ಸವರುತ್ತೇವೆ. ಆದರೂ ಇಂಗ್ಲಿಷಿನವರು ‘ಪಿಕ್ ಅಪ್’ ಅನ್ನುತ್ತಾರೆ, ನಾವು ‘ಫೋನ್ ಎತ್ತು’ ಅನ್ನುತ್ತೇವೆ. ಎರಡು ಭಾಷೆಗೂ ಹಳೆಯ ಫೋನಿನ ಭಾರ ಇನ್ನೂ ಕೈಯಲ್ಲಿದೆ.

ಅತಿಥಿಗಳ ಜೊತೆ ಮಾತಾಡುವವಳಿಗೆ ಪಿಕ್ ಅಪ್‌ನ ಇನ್ನೊಂದೆರಡು ಅರ್ಥವೂ ಬೇಕಾಗುತ್ತದೆ. ಗಾಳಿ ಜೋರಾಯಿತು ಅನ್ನುವುದಕ್ಕೆ ‘ದ ವಿಂಡ್ ಹ್ಯಾಸ್ ಪಿಕ್ಟ್ ಅಪ್’. ಡಿಸೆಂಬರಿನಲ್ಲಿ ವ್ಯಾಪಾರ ಕುದುರಿತು ಅನ್ನುವುದಕ್ಕೆ ‘ಬಿಸ್ನೆಸ್ ಪಿಕ್ಸ್ ಅಪ್ ಇನ್ ಡಿಸೆಂಬರ್’. ಏರು ರಸ್ತೆಯಲ್ಲಿ ‘ಜೀಪಿಗೆ ಪಿಕಪ್ಪೇ ಇಲ್ಲ’ ಅನ್ನುತ್ತಾರಲ್ಲ ನಮ್ಮವರು, ಅದೂ ನಾವು ಕಟ್ಟಿದ ಮಾತಲ್ಲ. ಎಂಜಿನ್ ಬೇಗ ವೇಗ ಹಿಡಿಯುವ ಗುಣಕ್ಕೆ ಅಮೆರಿಕದವರೂ ಪಿಕಪ್ ಅನ್ನುತ್ತಾರೆ.

ನನಗೆ ಅತಿ ಇಷ್ಟದ ಅರ್ಥ ಬೇರೆ. ಶಾಲೆ ಇಲ್ಲದೆ, ಪುಸ್ತಕ ಇಲ್ಲದೆ, ಕೇಳಿ ಕೇಳಿ ಕಲಿಯುವುದಕ್ಕೂ ಪಿಕ್ ಅಪ್ ಅನ್ನುತ್ತಾರೆ. ನಮ್ಮ ಪಕ್ಕದ ತೋಟದ ಕೆಲಸಗಾರರ ಲೈನ್ ಮನೆಗೆ ಅಸ್ಸಾಮಿನಿಂದ ಒಂದು ಸಂಸಾರ ಬಂದಿದೆ. ಅದರಲ್ಲಿ ಒಬ್ಬಳು ಹುಡುಗಿ, ಇಪ್ಪತ್ತು ದಾಟಿರಲಿಕ್ಕಿಲ್ಲ. ನವೆಂಬರಿನಲ್ಲಿ ಬಂದಾಗ ಅವಳಿಗೆ ಕನ್ನಡದಲ್ಲಿ ಗೊತ್ತಿದ್ದದ್ದು ‘ನೀರು’ ಒಂದೇ. ಮೊನ್ನೆ ಬೇಲಿ ಹತ್ತಿರ ನಿಂತು ಚೀಲಕ್ಕೆ ಹಣ್ಣು ತುಂಬುತ್ತಿದ್ದಳು. ಗಿಡದ ಕಡೆ ಕೈ ತೋರಿಸಿ ‘ಅಕ್ಕ, ಇದು ಕುಯ್ಯಾದು’ ಅಂದಳು. ಆಮೇಲೆ ಬಗ್ಗಿ ನೆಲದಿಂದ ಒಂದು ಹಣ್ಣು ಎತ್ತಿ ನನ್ನ ಮುಖ ನೋಡಿದಳು. ‘ಇದು ಹೆಕ್ಕಾದು. ಸರಿಯಾ?’ ಸರಿ ಅಂದೆ. ನನ್ನ ಗಂಟಲು ಕಟ್ಟಿತು. ಎರಡು ತಿಂಗಳಲ್ಲಿ ಅವಳು ಹೆಕ್ಕಿಕೊಂಡ ಪದ ಅದು. ‘ಶಿ ಪಿಕ್ಟ್ ಅಪ್ ಕನ್ನಡ ಇನ್ ಟೂ ಮಂತ್ಸ್.’ ಈ ವಾಕ್ಯವನ್ನು ಬರೆದಿಟ್ಟುಕೋ. ನೀನೂ ಅತಿಥಿಗಳ ಮಾತು ಕೇಳುತ್ತಾ ಇಂಗ್ಲಿಷನ್ನು ಹೀಗೇ ಹೆಕ್ಕಿಕೊಳ್ಳುತ್ತಿದ್ದೀಯಲ್ಲ.

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಪದವಿ ಓದುತ್ತಿದ್ದೇನೆ. ಚರ್ಚಾ ಸ್ಪರ್ಧೆಯಲ್ಲಿ ಎದುರಾಳಿ ನನ್ನ ಮಾತಿಗೆ ‘ದಿಸ್ ಈಸ್ ಚೆರ್ರಿ ಪಿಕ್ಕಿಂಗ್’ ಅಂದ. ನಮ್ಮ ತೋಟದಲ್ಲಿ ಕಾಫಿ ಹಣ್ಣಿಗೆ ಚೆರ್ರಿ ಅನ್ನುತ್ತೇವೆ. ಒಳ್ಳೆಯ ಚೆರ್ರಿ ಕುಯ್ಯುವುದು ತಪ್ಪಾ?

ಉತ್ತರ: ತೋಟದಲ್ಲಿ ತಪ್ಪಲ್ಲ, ಅದೇ ಒಳ್ಳೆಯ ಕೆಲಸ. ಚರ್ಚೆಯಲ್ಲಿ ತಪ್ಪು. ಇಲ್ಲಿ ಹೇಳುವ ಚೆರ್ರಿ ಕಾಫಿಯದ್ದಲ್ಲ, ತಿನ್ನುವ ಚೆರ್ರಿ ಹಣ್ಣು. ಮರದಲ್ಲಿ ಚೆನ್ನಾಗಿರುವ ನಾಲ್ಕು ಹಣ್ಣು ಮಾತ್ರ ತಂದು ಬುಟ್ಟಿಯಲ್ಲಿಟ್ಟು ‘ಇಡೀ ಮರ ಹೀಗೇ ಇದೆ’ ಅಂದರೆ ನೋಡುವವರಿಗೆ ಮೋಸ ಆಗುತ್ತದಲ್ಲ? ಹಾಗೆ ತನಗೆ ಬೇಕಾದ ಅಂಕಿ ಅಂಶ ಮಾತ್ರ ಎತ್ತಿಕೊಂಡು, ಬೇಡದ್ದನ್ನು ಮುಚ್ಚಿಡುವುದೇ ಚೆರ್ರಿ ಪಿಕ್ಕಿಂಗ್. ಜನವರಿ, ಫೆಬ್ರವರಿ, ಮಾರ್ಚ್‌ನ ಮಳೆ ಲೆಕ್ಕ ಮಾತ್ರ ತೋರಿಸಿ ‘ಮಡಿಕೇರಿಯಲ್ಲಿ ಮಳೆಯೇ ಬರುವುದಿಲ್ಲ’ ಅಂತ ಒಬ್ಬರು ವಾದಿಸಿದರೆ ನಿನಗೆ ಹೇಗಾಗುತ್ತದೆ? ಹೇಳಿದ ಅಂಕಿ ಒಂದೂ ಸುಳ್ಳಲ್ಲ. ಒಟ್ಟು ಮಾತು ಮಾತ್ರ ಸುಳ್ಳು.

ಪಕ್ಕದಲ್ಲೇ ಇರುವ ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ, ಚರ್ಚೆಗೆ ಹೋಗುವವನಿಗೆ ಬೇಕಾಗುತ್ತದೆ. ‘ನಿಟ್‌ಪಿಕ್ಕಿಂಗ್’. ನಿಟ್ ಅಂದರೆ ಸೀರು, ಹೇನಿನ ಮೊಟ್ಟೆ. ಬಿಸಿಲಲ್ಲಿ ಜಗಲಿ ಮೇಲೆ ಕೂತು ಮೊಮ್ಮಗಳ ತಲೆ ಮಡಿಲಿಗೆ ಹಾಕಿಕೊಂಡು, ಸೀರಣಿಗೆ ಹಿಡಿದು, ಒಂದೊಂದೇ ಕೂದಲು ಬಿಡಿಸಿ ಸೀರು ತೆಗೆಯುವ ಅಜ್ಜಿಯನ್ನು ನೆನಪಿಸಿಕೋ. ಅಷ್ಟು ಸೂಕ್ಷ್ಮವಾಗಿ ಇನ್ನೊಬ್ಬರ ಮಾತಿನಲ್ಲಿ ತಪ್ಪು ಹುಡುಕುವುದೇ ನಿಟ್‌ಪಿಕ್ಕಿಂಗ್. ಕನ್ನಡದಲ್ಲಿ ಮೊಸರಿನಲ್ಲಿ ಕಲ್ಲು ಹುಡುಕುವುದು ಅನ್ನುತ್ತೇವೆ. ನನಗೆ ನಮ್ಮ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಸೀರು ತಲೆಯಲ್ಲಿ ನಿಜವಾಗಿ ಇರುತ್ತದೆ, ತೆಗೆಯಲೇಬೇಕು. ಮೊಸರಿನಲ್ಲಿ ಕಲ್ಲು ಇರುವುದೇ ಇಲ್ಲ.

ಪ್ರಶ್ನೆ: ಪಿಕ್, ಚೂಸ್, ಸೆಲೆಕ್ಟ್, ಮೂರಕ್ಕೂ ಆರಿಸು ಅಂತಲೇ ಅರ್ಥ ಬರೆದಿದ್ದಾರೆ. ಪರೀಕ್ಷೆಯಲ್ಲಿ ಯಾವುದು ಬರೆಯಬೇಕು? (ಕುಶಾಲನಗರದ ಪಿಯುಸಿ ವಿದ್ಯಾರ್ಥಿ)

ಉತ್ತರ: ಪಿಕ್ ಮನೆಮಾತು, ಬೇಗ ಆಗುವ ಕೆಲಸ. ಡಬ್ಬಿಯಿಂದ ಒಂದು ಮಿಠಾಯಿ ತೆಗೆದುಕೋ ಅನ್ನುವಾಗ ‘ಪಿಕ್ ಒನ್’. ಚೂಸ್‌ನಲ್ಲಿ ಸ್ವಲ್ಪ ಯೋಚನೆ ಇದೆ. ಪಿಯುಸಿಗೆ ವಿಜ್ಞಾನವೋ ವಾಣಿಜ್ಯವೋ ಅಂತ ನೀನು ಮನೆಯಲ್ಲಿ ಕೂತು ತೀರ್ಮಾನ ಮಾಡಿದೆಯಲ್ಲ, ಅದು ಚೂಸ್. ಸೆಲೆಕ್ಟ್‌ಗೆ ನಿಯಮ, ಅಳತೆ, ಅಂಕಪಟ್ಟಿ ಎಲ್ಲ ಬೇಕು. ಕೆಲಸಕ್ಕೆ ಆಯ್ಕೆಯಾದರೆ ‘ಸೆಲೆಕ್ಟೆಡ್’. ಪರೀಕ್ಷೆಯಲ್ಲಿ ಪತ್ರ, ಪ್ರಬಂಧ ಬರೆಯುವಾಗ ಚೂಸ್ ಅಥವಾ ಸೆಲೆಕ್ಟ್ ಬಳಸು. ಸಂಭಾಷಣೆ ಬರೆಯುವಾಗ ಪಿಕ್ ಚೆನ್ನಾಗಿ ಒಪ್ಪುತ್ತದೆ. ಭೂತಕಾಲದ ರೂಪವನ್ನು ‘ಪಿಕ್ಕೆಡ್’ ಅನ್ನಬೇಡ, ‘ಪಿಕ್ಟ್’ ಅನ್ನಬೇಕು. ಇಷ್ಟು ಸಾಕು.

ಪ್ರಶ್ನೆ: ಮೇಡಂ, ನಮ್ಮದು ವಿರಾಜಪೇಟೆ ಹತ್ತಿರದ ಹಳ್ಳಿ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಮಗನನ್ನು ದೂರದ ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆಗೆ ಹಾಕಿದ್ದೇವೆ. ಆರನೇ ಕ್ಲಾಸು. ಅಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕು, ಫೋನಿನಲ್ಲೂ ಅವನಿಗೆ ಅದೇ ಅಭ್ಯಾಸ ಆಗಿದೆ. ಎರಡು ವಾರದಿಂದ ‘ದೆ ಆಲ್ವೇಸ್ ಪಿಕ್ ಆನ್ ಮಿ’ ಅನ್ನುತ್ತಾನೆ. ಹಾಕಿ ಟೀಮಿಗೆ ಆರಿಸಿದ್ದಾರೆ ಅಂದುಕೊಂಡು ನಾನು ಖುಷಿಪಟ್ಟೆ. ‘ಒಳ್ಳೇದಾಯ್ತು ಮಗ’ ಅಂದೆ. ಅವನು ಸುಮ್ಮನಾದ. ಆಮೇಲೆ ಸರಿಯಾಗಿ ಮಾತೇ ಆಡುತ್ತಿಲ್ಲ. ನಾನು ಏನಾದರೂ ತಪ್ಪು ತಿಳಿದುಕೊಂಡೆನಾ?

ಉತ್ತರ: ಈ ಪತ್ರವನ್ನು ನಾನು ನಾಲ್ಕು ಸಲ ಓದಿದೆ. ಇದರ ಉತ್ತರವನ್ನು ಪತ್ರಿಕೆ ಬರುವ ಮೊದಲೇ ಕಾರ್ಡಿನಲ್ಲಿ ಬರೆದು ನಿಮಗೆ ಕಳಿಸಿದ್ದೇನೆ. ಬೇರೆ ತಾಯಂದಿರಿಗೂ ಗೊತ್ತಾಗಲಿ ಅಂತ ಇಲ್ಲೂ ಬರೆಯುತ್ತಿದ್ದೇನೆ.

ನಿಮ್ಮ ತಪ್ಪು ಏನೂ ಇಲ್ಲ. ಕೊಡಗಿನ ಯಾವ ತಾಯಿಯಾದರೂ ಹಾಕಿ ಅಂದುಕೊಳ್ಳುವವಳೇ. 1997ರಲ್ಲಿ ಕರಡದಲ್ಲಿ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಶುರುವಾದ ಮೇಲೆ ನಮ್ಮಲ್ಲಿ ಕೋಲು ಹಿಡಿಯದ ಮಗು ಯಾವುದಿದೆ? ‘ದೆ ಪಿಕ್ಟ್ ಮಿ’ ಅಂದಿದ್ದರೆ ನೀವು ತಿಳಿದದ್ದೇ ಸರಿ: ನನ್ನನ್ನು ಆರಿಸಿದರು. ಆದರೆ ನಿಮ್ಮ ಮಗ ನಡುವೆ ‘ಆನ್’ ಅಂದಿದ್ದಾನೆ. ‘ಪಿಕ್ ಆನ್ ಮಿ’ ಅಂದರೆ ನನ್ನೊಬ್ಬನನ್ನೇ ಗುರಿ ಮಾಡಿ ಕಾಡುತ್ತಾರೆ, ಪೀಡಿಸುತ್ತಾರೆ. ಕೋಳಿ ಗೂಡಿನಲ್ಲಿ ನೋಡಿದ್ದೀರಲ್ಲ? ಒಂದು ಬಡಪಾಯಿ ಕೋಳಿ ಸಿಕ್ಕಿದರೆ ಉಳಿದವೆಲ್ಲ ಸೇರಿ ಅದನ್ನೇ ಕುಕ್ಕುತ್ತವೆ. ಪಿಕ್‌ನ ಹಳೆಯ ಅರ್ಥ, ಕೊಕ್ಕಿನ ಅರ್ಥ, ಇಲ್ಲಿ ಹಾಗೇ ಉಳಿದುಕೊಂಡಿದೆ. ‘ಆಲ್ವೇಸ್’ ಅಂದರೆ ಯಾವಾಗಲೂ. ಒಂದು ದಿನದ ಜಗಳ ಅಲ್ಲ ಅದು.

ಅವನು ಸುಮ್ಮನಾದದ್ದು ನಿಮ್ಮ ಮೇಲಿನ ಸಿಟ್ಟಿನಿಂದ ಅಲ್ಲ. ಹೇಳಬೇಕಾದ್ದನ್ನು ಕಷ್ಟಪಟ್ಟು ಹೇಳಿದ, ಅದು ಅಮ್ಮನಿಗೆ ಮುಟ್ಟಲಿಲ್ಲ. ಇನ್ನೊಂದು ಸಲ ಹೇಳುವ ಧೈರ್ಯ ಹನ್ನೊಂದು ವರ್ಷದ ಮಗುವಿಗೆ ಬೇಗ ಬರುವುದಿಲ್ಲ. ನನ್ನ ತರಗತಿಯಲ್ಲೂ ಒಮ್ಮೆ ಹೀಗೆ ಆಗಿತ್ತು. ಒಬ್ಬ ಹುಡುಗನನ್ನು ಉಳಿದವರು ಒಂದು ಇಡೀ ವರ್ಷ ಅಡ್ಡಹೆಸರಿಟ್ಟು ಕಾಡಿದ್ದರು. ಅವನು ಟಿಸಿ ತೆಗೆದುಕೊಂಡು ಹೋದ ದಿನ ನನಗೆ ಗೊತ್ತಾಯಿತು. ಅವನು ಎರಡನೇ ಬೆಂಚಿನಲ್ಲಿ, ನನ್ನ ಕಣ್ಣೆದುರೇ ಕೂರುತ್ತಿದ್ದ. ಇಂದಿಗೂ ಆ ನೋವು ನನಗೆ ಹೋಗಿಲ್ಲ.

ಮೊದಲ ಕೆಲಸ, ಫೋನಿನಲ್ಲಿ ವಿಚಾರಿಸಬೇಡಿ. ಅಲ್ಲಿ ಅವನ ಹಿಂದೆ ಯಾರು ನಿಂತಿರುತ್ತಾರೋ ನಿಮಗೆ ಗೊತ್ತಾಗುವುದಿಲ್ಲ. ನೀವೋ ಅವರಪ್ಪನೋ ಹೋಗಿ. ಇಬ್ಬರೂ ಹೋದರೆ ಇನ್ನೂ ಒಳ್ಳೆಯದು. ಕುಯ್ಲು ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಹಣ್ಣು ನಾಲ್ಕು ದಿನ ಗಿಡದಲ್ಲಿರುತ್ತದೆ. ಅವನನ್ನು ಶಾಲೆಯ ಗೇಟಿನಿಂದ ಹೊರಗೆ ಕರೆದುಕೊಂಡು ಬನ್ನಿ. ಎಲ್ಲಾದರೂ ಕೂತು ತಿಂಡಿ ತಿನ್ನಿಸಿ. ಏನಾಯಿತು ಅಂತ ಕೂಡಲೇ ಕೇಳಬೇಡಿ. ನಿಮ್ಮ ಮನೆಮಾತಿನಲ್ಲಿ ಮಾತಾಡಿ, ಮನೆಯ ನಾಯಿಯ ಸುದ್ದಿ, ತೋಟದ ಸುದ್ದಿ ಹೇಳಿ. ಅವನಿಗೂ ತನ್ನ ಮಾತಿನಲ್ಲೇ ಹೇಳಲು ಬಿಡಿ. ಕಾಡುತ್ತಾರೆ, ಹೊಡೆಯುತ್ತಾರೆ, ಅಣಕಿಸುತ್ತಾರೆ, ಊಟ ಕಿತ್ತುಕೊಳ್ಳುತ್ತಾರೆ, ಮೈ ಮುಟ್ಟುತ್ತಾರೆ: ಇಂಗ್ಲಿಷಿನ ‘ಪಿಕ್ ಆನ್’ ಇದರಲ್ಲಿ ಯಾವುದೂ ಆಗಿರಬಹುದು. ಯಾವುದು ಅಂತ ಅವನ ಬಾಯಿಂದಲೇ ಬರಬೇಕು.

ಆಮೇಲೆ ವಾರ್ಡನ್, ಮುಖ್ಯೋಪಾಧ್ಯಾಯರು ಇಬ್ಬರನ್ನೂ ನೋಡಿ, ಹೇಳಿದ್ದನ್ನು ಬರೆದೂ ಕೊಡಿ. ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ. ಅವರು ‘ಮಕ್ಕಳು ಅಂದ ಮೇಲೆ ಇದೆಲ್ಲ ಇದ್ದದ್ದೇ’ ಅಂದು ಕಳಿಸಿದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳು‌ವುದಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.

ಈ ಪುಟ ನಿಮ್ಮ ಕೈಗೆ ಬರುವಷ್ಟರಲ್ಲಿ ನೀವು ಹೋಗಿ ಬಂದಿರುತ್ತೀರಿ ಅಂದುಕೊಂಡಿದ್ದೇನೆ. ಹೋಗಿಲ್ಲದಿದ್ದರೆ ಶನಿವಾರ ಬೆಳಗ್ಗಿನ ಮೊದಲ ಬಸ್ಸು ಹಿಡಿಯಿರಿ. ಹಿಂದಿನ ರಾತ್ರಿ ಅವನಿಗೆ ಫೋನ್ ಮಾಡಿ ಇಷ್ಟು ಮಾತ್ರ ಹೇಳಿ: ‘ಮಗ, ನೀನು ಅವತ್ತು ಹೇಳಿದ್ದು ನನಗೆ ಈಗ ಅರ್ಥವಾಯಿತು. ನಾಳೆ ಬರುತ್ತಾ ಇದ್ದೇನೆ.’